ಐತಿಹ್ಯಲೋಕದ ಶ್ರವ್ಯನಾಟಕ

ಪುರಾಣ, ಮಹಾಕಾವ್ಯ ಅಥವಾ ವೀರಗಾಥೆಯೊಂದರ ಜಗತ್ತನ್ನು ಮಾತು, ಸಂಗೀತ, ಸದ್ದುಗಳಿಂದಲೇ ಕಟ್ಟಿ ಕೇಳುಗರ ಮನಸ್ಸಿನಲ್ಲಿ ನಿಲ್ಲಿಸುವ ನಾಟಕ ಪ್ರಕಾರಕ್ಕೆ ಐತಿಹ್ಯಲೋಕದ ಶ್ರವ್ಯನಾಟಕ ಎನ್ನಬಹುದು. ಇದರಲ್ಲಿ ವೇಷವಿಲ್ಲ, ಪರದೆಯಿಲ್ಲ, ಬೆಳಕಿನ ವ್ಯವಸ್ಥೆಯಿಲ್ಲ. ವೈಜ್ಞಾನಿಕ ಕಲ್ಪನೆ ಈ ಪ್ರಕಾರದ ಒಂದು ಕವಲು. ಕಾಲಯಾನ ಮಾಡಿದವನೊಬ್ಬ, ಅನ್ಯಗ್ರಹದ ಜೀವಿಯೊಂದು ಅಥವಾ ಮುಂದಿನ ಯುಗದ ಯಂತ್ರವೊಂದು ಹಳೆಯ ವೀರರ ನಡುವೆ ಬಂದು ನಿಂತಾಗ ಏನಾದೀತು ಎಂಬುದು ಅಂಥ ನಾಟಕಗಳ ವಸ್ತು. ಇಂಗ್ಲೆಂಡಿನಲ್ಲಿ ಈ ಕವಲು ಆರ್ಥರ್ ದೊರೆಯ ಕಥಾಚಕ್ರವನ್ನು ಆಧರಿಸಿ ಬೆಳೆದಿದೆ. ಭಾರತದಲ್ಲಿ ಆರ್ಥರನ ಸ್ಥಾನದಲ್ಲಿರುವುದು ರಾಮಾಯಣ, ಮಹಾಭಾರತ. ಕನ್ನಡದಲ್ಲಿ ಕೇಳುವ ನಾಟಕದ ಕಲೆ ಬಾನುಲಿಗಿಂತ ಬಹಳ ಹಳೆಯದು. ತಾಳಮದ್ದಳೆಯ ರೂಪದಲ್ಲಿ ಅದು ಕರಾವಳಿ, ಮಲೆನಾಡು, ಕಾಸರಗೋಡುಗಳಲ್ಲಿ ನೆಲೆಯೂರಿ, ಅಲ್ಲಿಂದ ವಲಸೆ ಹೋದವರ ಜೊತೆ ಮುಂಬಯಿ, ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೂ ಬಂದಿದೆ.

ಆರ್ಥರನ ಕಥಾಚಕ್ರ

ಆರ್ಥರ್ ಐತಿಹಾಸಿಕ ವ್ಯಕ್ತಿಯೇ ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸುಮಾರು 1136ರಲ್ಲಿ ಮಾನ್‌ಮತ್‌ನ ಜೆಫ್ರಿ ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ ಅರಸರ ಚರಿತ್ರೆಯಿಂದ ಅವನ ಕಥೆ ಯುರೋಪಿನುದ್ದಕ್ಕೂ ಹರಡಿತು. ಅದೇ ಶತಮಾನದಲ್ಲಿ ಫ್ರಾನ್ಸಿನ ಕವಿ ಕ್ರೆಟಿಯೆನ್ ದ ತ್ರ್ವಾ ಅದಕ್ಕೆ ಆರ್ಥರನ ವೀರ ಲ್ಯಾನ್ಸಲಾಟನ ಪ್ರೇಮವನ್ನೂ ಗ್ರೇಲ್ ಪಾತ್ರೆಯ ಅರಸುವಿಕೆಯನ್ನೂ ಸೇರಿಸಿದ. ಥಾಮಸ್ ಮ್ಯಾಲೊರಿ ಈ ಎಲ್ಲ ಎಳೆಗಳನ್ನೂ ಗದ್ಯದಲ್ಲಿ ಒಂದುಗೂಡಿಸಿದ. ಆ ಗ್ರಂಥವನ್ನು ವಿಲಿಯಂ ಕ್ಯಾಕ್ಸ್ಟನ್ 1485ರಲ್ಲಿ ಅಚ್ಚು ಹಾಕಿದ. ಮಂತ್ರವಾದಿ ಮರ್ಲಿನ್, ಸರೋವರದ ದೇವತೆ ಕೊಟ್ಟ ಎಕ್ಸ್‌ಕ್ಯಾಲಿಬರ್ ಖಡ್ಗ, ದುಂಡುಮೇಜಿನ ವೀರರು, ಮಗ ಮಾರ್ಡ್ರೆಡ್‌ನ ಕೈಯಿಂದಾದ ಮಾರಣಾಂತಿಕ ಗಾಯ, ಅವಲಾನ್ ದ್ವೀಪಕ್ಕೆ ಪಯಣ ಇವೆಲ್ಲ ಮ್ಯಾಲೊರಿಯಿಂದ ಮುಂದಿನ ಲೇಖಕರಿಗೆ ಒದಗಿದ ಸಾಮಗ್ರಿ.

ವೈಜ್ಞಾನಿಕ ಕಲ್ಪನೆಯವರಿಗೆ ಈ ಕಥೆ ಹಿಡಿಸಲು ಬಲವಾದ ಕಾರಣವಿದೆ. ಆರ್ಥರ್ ಸತ್ತಿಲ್ಲ, ನಾಡಿಗೆ ಸಂಕಟ ಬಂದಾಗ ಮರಳಿ ಬರುತ್ತಾನೆ ಎಂಬ ನಂಬಿಕೆ ಕಥೆಯೊಳಗೇ ಇದೆ. ಮುಂದಿನ ಕಾಲಕ್ಕೆ ಬಾಗಿಲು ತೆರೆದಿಟ್ಟ ಐತಿಹ್ಯವಿದು. ಮಾರ್ಕ್ ಟ್ವೇನ್ 1889ರ ಕಾದಂಬರಿಯಲ್ಲಿ ಆ ಬಾಗಿಲಿನಿಂದ ಹಿಂದಕ್ಕೆ ನಡೆದ. ಅಮೆರಿಕದ ಕಾರ್ಖಾನೆಯ ಮೇಸ್ತ್ರಿಯೊಬ್ಬ ತಲೆಗೆ ಪೆಟ್ಟು ಬಿದ್ದು ಎಚ್ಚರತಪ್ಪಿ, ಆರನೆಯ ಶತಮಾನದಲ್ಲಿ, ಆರ್ಥರನ ರಾಜಧಾನಿ ಕ್ಯಾಮೆಲಾಟಿನಲ್ಲಿ ಕಣ್ಣು ಬಿಡುತ್ತಾನೆ. ಸೂರ್ಯಗ್ರಹಣದ ಲೆಕ್ಕ ಗೊತ್ತಿದ್ದದ್ದರಿಂದ ಜೀವ ಉಳಿಸಿಕೊಳ್ಳುತ್ತಾನೆ, ದೂರವಾಣಿ, ಪತ್ರಿಕೆ, ಶಾಲೆಗಳನ್ನು ತರುತ್ತಾನೆ. ಕೊನೆಗೆ ಅವನ ವಿದ್ಯುತ್ ಬೇಲಿಯೂ ಗ್ಯಾಟ್ಲಿಂಗ್ ಬಂದೂಕೂ ಸಾವಿರಾರು ವೀರರನ್ನು ಕೊಲ್ಲುತ್ತವೆ. ನಗಿಸುತ್ತ ಶುರುವಾದ ಪುಸ್ತಕ ಹೆಣಗಳ ರಾಶಿಯಲ್ಲಿ ಮುಗಿಯುತ್ತದೆ. ತಂತ್ರಜ್ಞಾನ ಕೈಗೆ ಬಂದ ಮಾತ್ರಕ್ಕೆ ವಿವೇಕ ಬರುವುದಿಲ್ಲ ಎಂಬ ಈ ನೋಟವೇ ಮುಂದೆ ಈ ಬಗೆಯ ಒಳ್ಳೆಯ ಕೃತಿಗಳ ತಳಹದಿಯಾಯಿತು.

ಬಾನುಲಿಗೆ ಬಂದ ಆರ್ಥರ್

ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದಾದ ರಿಚರ್ಡ್ ಹ್ಯೂಸ್‌ನ ನಾಟಕವನ್ನು ಬಿಬಿಸಿ 1924ರ ಜನವರಿ 15ರಂದು ಪ್ರಸಾರ ಮಾಡಿತು. ಗಣಿಯೊಳಗೆ ದೀಪ ಆರಿಹೋಗಿ ಕತ್ತಲಲ್ಲಿ ಸಿಕ್ಕಿಕೊಂಡವರ ಕಥೆ ಅದು. ಕೇಳುಗನಿಗೂ ಪಾತ್ರಗಳಿಗೂ ಏನೂ ಕಾಣುವುದಿಲ್ಲವೆಂಬ ಸ್ಥಿತಿಯನ್ನು ಒಂದೇ ಮಾಡಿದ ಜಾಣ್ಮೆ ಅದರದು. ಟಿ. ಎಚ್. ವೈಟ್ ಆರ್ಥರನ ಬಾಲ್ಯವನ್ನು ಕುರಿತು 1938ರಲ್ಲಿ ಪ್ರಕಟಿಸಿದ ಕಾದಂಬರಿ ಮರುವರ್ಷವೇ ಬಿಬಿಸಿಯಲ್ಲಿ ಸರಣಿ ನಾಟಕವಾಯಿತು. ಸಂಗೀತ ಬೆಂಜಮಿನ್ ಬ್ರಿಟನ್‌ರದು. ವೈಟ್‌ನ ಮರ್ಲಿನ್ ಕಾಲದಲ್ಲಿ ಹಿಂದುಮುಂದಾಗಿ ಬದುಕುವವನು. ನಾಳೆ ಆಗುವುದೆಲ್ಲ ಅವನಿಗೆ ನೆನಪು, ನಿನ್ನೆಯದು ಮಾತ್ರ ತಿಳಿಯದು. ಮಂತ್ರವಾದಿಯನ್ನು ಕಾಲದ ಒಗಟಾಗಿ ಮಾರ್ಪಡಿಸಿದ ಈ ಕಲ್ಪನೆ ಮುಂದಿನ ವೈಜ್ಞಾನಿಕ ಕಥೆಗಳಿಗೆ ಹತ್ತಿರವಾದದ್ದು. ಕವಿ ಲೂಯಿ ಮ್ಯಾಕ್‌ನೀಸ್ ಬರೆದ, 1946ರಲ್ಲಿ ಪ್ರಸಾರವಾದ ಬಾನುಲಿ ನಾಟಕ ‘ದಿ ಡಾರ್ಕ್ ಟವರ್’ ಬ್ರೌನಿಂಗ್‌ನ ಕವಿತೆಯನ್ನು ಹಿಡಿದು ಹೊರಟು, ವೀರನೊಬ್ಬನ ಅರಸುವಿಕೆಯನ್ನು ಮಹಾಯುದ್ಧ ಮುಗಿದ ಕಾಲದ ಮನಸ್ಸಿಗೆ ಜೋಡಿಸಿತು. ಅದಕ್ಕೂ ಬ್ರಿಟನ್‌ರದೇ ಸಂಗೀತ.

ವೈಜ್ಞಾನಿಕ ಕಲ್ಪನೆಯೂ ಅದೇ ಕಾಲದಲ್ಲಿ ಬಾನುಲಿಯಲ್ಲಿ ನೆಲೆ ಕಂಡುಕೊಳ್ಳುತ್ತಿತ್ತು. ಆರ್ಸನ್ ವೆಲ್ಸ್ 1938ರ ಅಕ್ಟೋಬರ್ 30ರಂದು ಎಚ್. ಜಿ. ವೆಲ್ಸ್‌ನ ಮಂಗಳಗ್ರಹದ ಆಕ್ರಮಣದ ಕಥೆಯನ್ನು ವಾರ್ತಾಪ್ರಸಾರದ ಧಾಟಿಯಲ್ಲಿ ಕೇಳಿಸಿದ್ದು ಪ್ರಸಿದ್ಧ. 1978ರಲ್ಲಿ ಡಗ್ಲಸ್ ಆಡಮ್ಸ್‌ನ ‘ಹಿಚ್‌ಹೈಕರ್ಸ್ ಗೈಡ್’ ಮೊದಲು ಬಾನುಲಿ ನಾಟಕವಾಗಿ ಬಂದು ಆಮೇಲೆ ಕಾದಂಬರಿಯಾಯಿತು. ಇಡೀ ಭೂಮಿಯನ್ನು ಕೆಡವುವ ದೃಶ್ಯಕ್ಕೆ ಸಿನಿಮಾದವರು ಕೋಟಿಗಟ್ಟಲೆ ಸುರಿಯಬೇಕು. ಬಾನುಲಿಯಲ್ಲಿ ಅದಕ್ಕೆ ನಾಲ್ಕು ಸಾಲು ಮಾತು, ಒಂದು ಸದ್ದು, ಆಮೇಲೆ ಮೌನ ಸಾಕು.

ಈ ಎರಡೂ ಧಾರೆಗಳನ್ನು ಬೆಸೆದದ್ದು ‘ಡಾಕ್ಟರ್ ಹೂ’. 1963ರ ನವೆಂಬರ್ 23ರಂದು ಬಿಬಿಸಿ ದೂರದರ್ಶನದಲ್ಲಿ ಆರಂಭವಾದ ಈ ಸರಣಿಯ ನಾಯಕ ಕಾಲದಲ್ಲಿ ಸಂಚರಿಸುವ ಅನ್ಯಗ್ರಹದವನು. ಬೆನ್ ಆರೊನೊವಿಚ್ ಬರೆದ, 1989ರಲ್ಲಿ ಪ್ರಸಾರವಾದ ‘ಬ್ಯಾಟಲ್‌ಫೀಲ್ಡ್’ ಎಂಬ ಕಥೆಯಲ್ಲಿ ಇನ್ನೊಂದು ಆಯಾಮದ ವೀರರು ಕವಚ ತೊಟ್ಟು, ಬಂದೂಕು ಹಿಡಿದು ಇಂಗ್ಲೆಂಡಿಗೆ ಬಂದಿಳಿಯುತ್ತಾರೆ. ಅವರು ನಾಯಕನನ್ನು ಮರ್ಲಿನ್ ಎಂದು ಗುರುತಿಸುತ್ತಾರೆ. ಸರೋವರದ ತಳದಲ್ಲಿ ಆರ್ಥರನ ಅಂತರಿಕ್ಷ ನೌಕೆಯಿದೆ. ಮಾಟಗಾತಿ ಮಾರ್ಗೇನ್ ಅಣುಬಾಂಬನ್ನು ಸ್ಫೋಟಿಸಲು ಹೊರಟಾಗ ನಾಯಕ ಆಯುಧ ಎತ್ತುವುದಿಲ್ಲ. ಅಂಥ ಯುದ್ಧದಲ್ಲಿ ಮಕ್ಕಳಿಗೆ ಏನಾಗುತ್ತದೆಂದು ಮಾತಿನಲ್ಲೇ ಕಣ್ಣಿಗೆ ಕಟ್ಟುವಂತೆ ಹೇಳಿ, ಇದು ಕ್ಷಾತ್ರಧರ್ಮವೇ ಎಂದು ಕೇಳಿ, ಅವಳನ್ನು ಹಿಮ್ಮೆಟ್ಟಿಸುತ್ತಾನೆ. ದೃಶ್ಯ ದೂರದರ್ಶನದ್ದಾದರೂ ಅದರ ಬಲ ಪೂರ್ತಿ ವಾದದ್ದು. ತಾಳಮದ್ದಳೆ ಕೇಳಿದವರಿಗೆ ಈ ಬಗೆ ಅಪರಿಚಿತವೆನಿಸದು.

ಇದೇ ಸರಣಿ 1985ರಲ್ಲಿ ಬಿಬಿಸಿ ಬಾನುಲಿಗೂ ಬಂತು. 1999ರಿಂದ ಬಿಗ್ ಫಿನಿಶ್ ಎಂಬ ಸಂಸ್ಥೆ ಅದರ ಶ್ರವ್ಯನಾಟಕಗಳನ್ನು ಸಿ.ಡಿ.ಗಳಲ್ಲಿ, ಆಮೇಲೆ ಡಿಜಿಟಲ್ ಕಡತಗಳಲ್ಲಿ ತರುತ್ತಿದೆ. ಆ ಸಂಸ್ಥೆಯ ‘ದಿ ಲೋನ್ ಸೆಂಚುರಿಯನ್’ ಮಾಲಿಕೆಯ ಎರಡನೆಯ ಸಂಪುಟ ‘ಕ್ಯಾಮೆಲಾಟ್’ 2022ರಲ್ಲಿ ಹೊರಬಂತು. ಮೂಲ ಸರಣಿಯಲ್ಲಿ ರೋರಿ ಎಂಬ ಪಾತ್ರ ಮನುಷ್ಯದೇಹ ಕಳೆದುಕೊಂಡು, ಸಾವಿಲ್ಲದ ಕೃತಕ ದೇಹದ ರೋಮನ್ ಸೈನಿಕನಾಗಿ, ತಾನು ಮದುವೆಯಾಗಲಿದ್ದವಳನ್ನಿಟ್ಟ ಪೆಟ್ಟಿಗೆಯನ್ನು ಸುಮಾರು ಎರಡು ಸಾವಿರ ವರ್ಷ ಕಾಯುತ್ತಾನೆ. ಆ ದೀರ್ಘ ಕಾವಲಿನ ನಡುವೆ ಅವನು ಆರ್ಥರನ ರಾಜ್ಯಕ್ಕೂ ಬಂದು ಸೇರುವುದು ಈ ಸಂಪುಟದ ಕಲ್ಪನೆ. ಆರ್ಥರನ ಐತಿಹ್ಯದೊಳಗೆ ನಡೆಯುವ ವೈಜ್ಞಾನಿಕ ಶ್ರವ್ಯನಾಟಕಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಸದ್ದಿನ ಕೆಲಸ

ಶ್ರವ್ಯನಾಟಕಕ್ಕೆ ಮಾತು, ಸಂಗೀತ, ಸದ್ದು, ಮೌನ ಎಂಬ ನಾಲ್ಕು ಸಾಧನಗಳು. ಕಾಲವನ್ನು ಬದಲಿಸುವುದು ಇಲ್ಲಿ ಅತ್ಯಂತ ಸುಲಭ, ಬದಲಾದದ್ದನ್ನು ಕೇಳುಗನಿಗೆ ತಿಳಿಸುವುದು ಅತ್ಯಂತ ಕಷ್ಟ. ಅರಮನೆಯ ಕಲ್ಲು ಹಾಸಿನಲ್ಲಿ ಮಾತು ಗುಂಯ್ಗುಡುತ್ತದೆ, ಕಾಡಿನಲ್ಲಿ ಗುಂಯ್ಗುಡುವುದಿಲ್ಲ. ಹಾಗಾಗಿ ಸ್ಟುಡಿಯೋಗಳಲ್ಲಿ ಪ್ರತಿಧ್ವನಿ ಇರುವ ಕೋಣೆ, ಸದ್ದನ್ನು ಪೂರ್ತಿ ಹೀರಿಕೊಳ್ಳುವ ಕೋಣೆ ಎಂದು ಬೇರೆ ಬೇರೆ ಇರುತ್ತಿದ್ದವು. ಕುದುರೆ ಓಟಕ್ಕೆ ತೆಂಗಿನ ಕರಟ, ಗುಡುಗಿಗೆ ತಗಡಿನ ಹಾಳೆ, ಬೆಂಕಿಗೆ ಗರಿಗರಿ ಕಾಗದದ ಮುದುಡುವಿಕೆ ಬಾನುಲಿ ಕೇಂದ್ರಗಳೆಲ್ಲ ಬಳಸಿದ ಉಪಾಯಗಳು. ಲೋಕದಲ್ಲಿ ಇಲ್ಲದ ಯಂತ್ರಗಳಿಗೆ ಸದ್ದು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಬಿಬಿಸಿ 1958ರಲ್ಲಿ ತೆರೆದ ರೇಡಿಯೋಫೋನಿಕ್ ವರ್ಕ್‌ಶಾಪ್ ಉತ್ತರ ಕಂಡುಕೊಂಡಿತು. ಡಾಕ್ಟರ್ ಹೂ ಕಾಲಯಂತ್ರದ ಸದ್ದು ಹುಟ್ಟಿದ್ದು ಬ್ರಯನ್ ಹಾಡ್ಜ್‌ಸನ್ ಮನೆಯ ಬೀಗದ ಕೈಯನ್ನು ಹಳೆಯ ಪಿಯಾನೋದ ದಪ್ಪ ತಂತಿಗಳ ಮೇಲೆ ಎಳೆದು, ಧ್ವನಿಮುದ್ರಿಸಿ, ಆ ಟೇಪನ್ನು ಹಿಂದುಮುಂದು ಮಾಡಿದ್ದರಿಂದ. ಅಂತರಿಕ್ಷದ ಸದ್ದಿಗೂ ಮನೆಯ ಬೀಗದ ಕೈ ಸಾಕಾಯಿತು.

ತಾಳಮದ್ದಳೆ

ಭಾರತದ ಮಹಾಕಾವ್ಯದಲ್ಲಿ ಕೇಳುವ ನಾಟಕದ ಕಲ್ಪನೆ ಮೊದಲೇ ಇದೆ. ಕುರುಕ್ಷೇತ್ರದ ಯುದ್ಧವನ್ನು ಕುರುಡ ಧೃತರಾಷ್ಟ್ರ ತಿಳಿಯುವುದು ಸಂಜಯನ ಮಾತಿನಿಂದ. ದೂರದ ರಣರಂಗ ಸಂಜಯನಿಗೆ ಕಾಣುತ್ತದೆ, ಅರಸನಿಗೆ ಅವನ ದನಿ ಮಾತ್ರ ಕೇಳುತ್ತದೆ. ಕನ್ನಡ ನಾಡಿನಲ್ಲಿ ಇಂಥ ಕೇಳುವಿಕೆಯನ್ನು ಕಲೆಯಾಗಿ ಬೆಳೆಸಿದ್ದು ತಾಳಮದ್ದಳೆ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ 1556ರ ಶಾಸನ ದೇವಸ್ಥಾನದಲ್ಲಿ ತಾಳಮದ್ದಳೆ ನಡೆಸಲು ಭೂಮಿ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಈ ಕಲೆಯ ಪ್ರಾಚೀನತೆಗೆ ಅದೇ ಮುಖ್ಯ ಆಧಾರ.

ಕೂಟದ ವ್ಯವಸ್ಥೆ ಸರಳ. ನಡುವೆ ಭಾಗವತ, ಪಕ್ಕದಲ್ಲಿ ಮದ್ದಳೆ, ಚೆಂಡೆ, ಶ್ರುತಿ. ಎರಡೂ ಬದಿಗೆ ಎದುರುಬದುರಾಗಿ ಅರ್ಥಧಾರಿಗಳು ಕುಳಿತಿರುತ್ತಾರೆ. ಬಟ್ಟೆ ದಿನನಿತ್ಯದ ಪಂಚೆ, ಅಂಗಿ, ಶಾಲು. ಭಾಗವತ ಪ್ರಸಂಗದ ಪದ್ಯ ಹಾಡುತ್ತಾನೆ, ಆ ಪದ್ಯದ ಪಾತ್ರವನ್ನು ವಹಿಸಿದವನು ಅದರ ಅರ್ಥ ಹೇಳುತ್ತಾನೆ. ಹಾಡು ಬರೆದಿಟ್ಟದ್ದು, ಮಾತು ಆ ಕ್ಷಣದ್ದು. ಪಾತ್ರ ಪ್ರವೇಶಿಸುವಾಗ ಹೇಳುವ ಪೀಠಿಕೆಯಲ್ಲಿ ತಾನು ಯಾರು, ಎಲ್ಲಿದ್ದೇನೆ, ಏನು ನಡೆದಿದೆ, ಮುಂದೇನು ಎಂಬುದೆಲ್ಲ ಬಂದುಹೋಗಬೇಕು. ರಂಗಸಜ್ಜಿಕೆ ಇಲ್ಲದ ನಾಟಕಕ್ಕೆ ಪೀಠಿಕೆಯೇ ರಂಗಸಜ್ಜಿಕೆ. ಬಾನುಲಿ ನಾಟಕ ಬರೆಯುವವರು ಮೊದಲ ಎರಡು ನಿಮಿಷದಲ್ಲಿ ಸ್ಥಳ, ಕಾಲ, ಪಾತ್ರಗಳನ್ನು ತಿಳಿಸಿಬಿಡಬೇಕೆಂದು ಒದ್ದಾಡುವುದನ್ನು ತಾಳಮದ್ದಳೆ ಶತಮಾನಗಳ ಹಿಂದೆಯೇ ಬಗೆಹರಿಸಿಕೊಂಡಿತ್ತು.

‘ವಾಲಿಮೋಕ್ಷ’ದ ಕೂಟವೊಂದನ್ನು ಗಮನಿಸಿದರೆ ಕಲೆಯ ಬಲ ತಿಳಿಯುತ್ತದೆ. ಬಾಣ ತಾಗಿದ ಪದ್ಯ ಮುಗಿಯುತ್ತದೆ, ಚೆಂಡೆ ನಿಲ್ಲುತ್ತದೆ, ಮದ್ದಳೆ ಇಳಿಯುತ್ತದೆ. ವಾಲಿಯ ಅರ್ಥಧಾರಿ ತಕ್ಷಣ ಮಾತಾಡುವುದಿಲ್ಲ. ಉಸಿರೆಳೆಯುವುದು ಧ್ವನಿವರ್ಧಕದಲ್ಲಿ ಕೇಳುತ್ತದೆ. ಆಮೇಲೆ ಮೊದಲು ಬರುವುದು ಬೈಗುಳವಲ್ಲ, ಪ್ರಶ್ನೆ: ಬಿಟ್ಟವರು ಯಾರು, ಎದುರಿಗೆ ಬರಲಿ. ರಾಮನ ಅರ್ಥಧಾರಿ ಉತ್ತರ ಕೊಡಲೇಬೇಕು. ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಧರ್ಮ ಕೇಳುವ ಹಕ್ಕಿದೆಯೇ, ಪ್ರಾಣಿಯನ್ನು ಬೇಟೆಯಾಡುವ ನಿಯಮ ಕಪಿಗೆ ಅನ್ವಯಿಸುತ್ತದೆಯೇ, ಹಾಗಾದರೆ ಕಪಿಯನ್ನು ಮನುಷ್ಯನ ನೀತಿಯಿಂದ ಶಿಕ್ಷಿಸುವುದು ಹೇಗೆ ಎಂದು ವಾದ ಬೆಳೆಯುತ್ತ ಹೋಗುತ್ತದೆ. ಎದುರು ಅರ್ಥ ಗಟ್ಟಿಯಿದ್ದರೆ ಒಂದು ಗಂಟೆ ದಾಟುವುದೂ ಉಂಟು. ಮನುಷ್ಯನಲ್ಲದ ಬುದ್ಧಿವಂತ ಜೀವಿಗೆ ಯಾವ ನ್ಯಾಯ ಎಂಬ ಈ ಪ್ರಶ್ನೆ ಯಂತ್ರಮಾನವರ ಕಥೆಗಳಲ್ಲೂ ಅನ್ಯಗ್ರಹಜೀವಿಗಳ ಕಥೆಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಯೇ ಆಗಿದೆ.

ಈ ಕಲೆಯನ್ನು 20ನೆಯ ಶತಮಾನದಲ್ಲಿ ಎತ್ತರಕ್ಕೆ ಒಯ್ದವರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ (1918–2006), ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ಪೆರ್ಲ ಕೃಷ್ಣ ಭಟ್, ಕುಂಬ್ಳೆ ಸುಂದರ ರಾವ್ (1934–2022) ಮುಖ್ಯರು. ಶೇಣಿಯವರು ಕಾಸರಗೋಡಿನವರು. ಖಳರೆನಿಸಿದ ವಾಲಿ, ರಾವಣ, ಮಾಗಧರಿಗೆ ಅವರು ಕೊಟ್ಟ ತರ್ಕದ ಗಟ್ಟಿತನದಿಂದಾಗಿ ಕೇಳುಗರು ಕಥೆಯ ಕೊನೆ ಗೊತ್ತಿದ್ದೂ ಯಾರ ಪಕ್ಷ ಹಿಡಿಯಬೇಕೆಂದು ಯೋಚಿಸುವಂತಾಯಿತು. ಪ್ರಭಾಕರ ಜೋಶಿ ಅರ್ಥಧಾರಿಯಾಗಿ ಮಾತ್ರವಲ್ಲ, ಈ ಕಲೆಯ ವಿಮರ್ಶಕರಾಗಿಯೂ ಹೆಸರಾದವರು. ಜಬ್ಬಾರ್ ಸಮೊ ಈಚಿನ ಪ್ರಮುಖ ಅರ್ಥಧಾರಿಗಳಲ್ಲಿ ಒಬ್ಬರು. ರಾಮಾಯಣ ಪ್ರಸಂಗಗಳನ್ನು ರಚಿಸಿದ ಪಾರ್ತಿಸುಬ್ಬ ಕುಂಬಳೆಯವನು. ಗಡಿನಾಡಿನ ಕೊಡುಗೆ ಈ ಕಲೆಯಲ್ಲಿ ಮೊದಲಿನಿಂದಲೂ ದೊಡ್ಡದು.

ತಾಳಮದ್ದಳೆಗೆ ಕಾಲೌಚಿತ್ಯದ ಕಟ್ಟುಪಾಡಿದೆ. ತ್ರೇತಾಯುಗದ ಪಾತ್ರ ರೈಲು, ಚುನಾವಣೆಗಳ ಹೆಸರೆತ್ತುವಂತಿಲ್ಲ, ಇಂಗ್ಲಿಷ್ ಶಬ್ದ ಆಡುವಂತಿಲ್ಲ. ಸಮರ್ಥ ಅರ್ಥಧಾರಿ ಇಂದಿನ ಸಂಗತಿಯನ್ನು ಸೂಚನೆಯಲ್ಲೇ ದಾಟಿಸುತ್ತಾನೆ, ಸಭೆ ಅದನ್ನು ಹಿಡಿದು ಚಪ್ಪಾಳೆ ತಟ್ಟುತ್ತದೆ. ಕಾಲಯಾನಿಯೊಬ್ಬನನ್ನು ಕೂಟಕ್ಕೆ ಕರೆತರುವುದಾದರೆ ಈ ಕಟ್ಟುಪಾಡನ್ನು ಮುರಿಯುವ ಅಗತ್ಯ ಬೀಳದು. ಕಟ್ಟುಪಾಡೇ ಅವನ ಪಾತ್ರವನ್ನು ರೂಪಿಸಬಲ್ಲದು: ತನ್ನ ಕಾಲದ ಯಂತ್ರವನ್ನು ಕೃಷ್ಣನಿಗೂ ದುರ್ಯೋಧನನಿಗೂ ಅರ್ಥವಾಗುವ ಕನ್ನಡದಲ್ಲಿ ವಿವರಿಸಬೇಕಾದ ಇಕ್ಕಟ್ಟು ಅವನದು.

ಆಕಾಶವಾಣಿ ಮತ್ತು ಅಣುಯುಗದ ಮಹಾಭಾರತ

ಕನ್ನಡದಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದವರು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಅವರು ತಮ್ಮ ಮನೆ ವಿಠಲ ವಿಹಾರದಿಂದ ಸಣ್ಣ ಪ್ರೇಷಕವೊಂದನ್ನು ಬಳಸಿ ನಡೆಸಿದ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮುಂದೆ ಅದೇ ಹೆಸರನ್ನು ಇಡೀ ದೇಶದ ಬಾನುಲಿ ಸಂಸ್ಥೆ ತನ್ನದಾಗಿಸಿಕೊಂಡಿತು. ಧಾರವಾಡ ಕೇಂದ್ರ 1950ರಲ್ಲಿ ಆರಂಭವಾಯಿತು, ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು, ಮಂಗಳೂರು ಕೇಂದ್ರ 1976ರಲ್ಲಿ ಶುರುವಾಗಿ ಯಕ್ಷಗಾನ, ತಾಳಮದ್ದಳೆಗಳನ್ನು ಮನೆಮನೆಗೆ ಮುಟ್ಟಿಸಿತು. ಧಾರವಾಡದಲ್ಲಿ ಎಚ್. ಕೆ. ರಂಗನಾಥ್, ಎನ್ಕೆ ಕುಲಕರ್ಣಿ, ಬೆಂಗಳೂರಿನಲ್ಲಿ ಈರಣ್ಣನೆಂದೇ ಮನೆಮಾತಾದ ಎ. ಎಸ್. ಮೂರ್ತಿ ಮತ್ತು ಯಮುನಾ ಮೂರ್ತಿ ಬಾನುಲಿ ನಾಟಕವನ್ನು ಬೆಳೆಸಿದವರಲ್ಲಿ ಪ್ರಮುಖರು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದ ನಾಟಕ ಕಲಾವಿದರಿಗೆ ಬಿ, ಬಿ-ಹೈ, ಎ ಎಂಬ ಶ್ರೇಣಿ ಸಿಗುತ್ತದೆ. ಮುಖ ಹೇಗಿದೆ, ವಯಸ್ಸೆಷ್ಟು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಐವತ್ತರ ಕಲಾವಿದೆ ಹದಿನಾರರ ಉತ್ತರೆಯಾಗಬಹುದು.

ಮಹಾಭಾರತವನ್ನು ಹೊಸ ಯುಗದ ಭಯದೊಂದಿಗೆ ಜೋಡಿಸಿದ ಭಾರತದ ಅತಿ ಮುಖ್ಯ ಬಾನುಲಿ ಕೃತಿ ಹಿಂದಿಯದು. ಧರ್ಮವೀರ ಭಾರತಿಯವರ ‘ಅಂಧಾಯುಗ’ 1950ರ ದಶಕದ ಆರಂಭದ ಪದ್ಯನಾಟಕ. ಅದು ಮೊದಲು ಕೇಳಿಬಂದದ್ದು ಆಕಾಶವಾಣಿಯ ಅಲಹಾಬಾದ್ ಕೇಂದ್ರದಿಂದ. ಯುದ್ಧದ ಹದಿನೆಂಟನೆಯ ದಿನ ಸಂಜೆಗೆ ಆರಂಭವಾಗುವ ನಾಟಕದಲ್ಲಿ ಅಶ್ವತ್ಥಾಮ ಬ್ರಹ್ಮಾಸ್ತ್ರವನ್ನು ಬಿಡುತ್ತಾನೆ. ಆಮೇಲೆ ಭೂಮಿಯಲ್ಲಿ ಬೆಳೆ ಬೆಳೆಯದು, ಹುಟ್ಟುವ ಮಕ್ಕಳು ವಿಕಲಾಂಗರಾಗುವರು ಎಂಬ ಎಚ್ಚರಿಕೆ ಬರುತ್ತದೆ. ಹಿರೋಷಿಮಾ ಮುಗಿದು ಹತ್ತು ವರ್ಷವೂ ಆಗಿರದ ಕಾಲದಲ್ಲಿ ಕೇಳುಗರಿಗೆ ಅದು ಪುರಾಣವಾಗಿ ಮಾತ್ರ ಕೇಳಿಸಿರಲಾರದು. 1962ರಲ್ಲಿ ಸತ್ಯದೇವ ದುಬೆ ಇದನ್ನು ಮುಂಬಯಿಯಲ್ಲಿ ರಂಗಕ್ಕೆ ತಂದರು. ‘ಬ್ಯಾಟಲ್‌ಫೀಲ್ಡ್’ನ ಮಾರ್ಗೇನ್ ಅಣುಬಾಂಬಿನ ಮುಂದೆ ನಿಲ್ಲುವುದಕ್ಕೆ ಮೂರು ದಶಕ ಮೊದಲೇ ಅಶ್ವತ್ಥಾಮ ಅಲ್ಲಿ ನಿಂತಿದ್ದ.

ಕನ್ನಡ ನಾಟಕಕಾರರಲ್ಲಿ ಗಿರೀಶ ಕಾರ್ನಾಡರು ಬಿಬಿಸಿಯ ಕೋರಿಕೆಯಂತೆ ಟಿಪ್ಪುವಿನ ಕನಸುಗಳನ್ನು ಕುರಿತು ಬರೆದ ನಾಟಕ 1997ರಲ್ಲಿ, ಸ್ವಾತಂತ್ರ್ಯದ 50ನೆಯ ವರ್ಷದ ಸಂದರ್ಭದಲ್ಲಿ, ಬಾನುಲಿಯಲ್ಲಿ ಪ್ರಸಾರವಾಯಿತು. ಐತಿಹಾಸಿಕ ವ್ಯಕ್ತಿ ಐತಿಹ್ಯವಾಗುವ ಬಗೆಯನ್ನು ಕೇಳುವ ಮಾಧ್ಯಮ ಹಿಡಿದದ್ದಕ್ಕೆ ಅದು ಒಳ್ಳೆಯ ನಿದರ್ಶನ. ವಿಜ್ಞಾನದ ಕಡೆಯಿಂದ ನೋಡಿದರೆ, 1990ರ ದಶಕದ ಆರಂಭದಲ್ಲಿ ಆಕಾಶವಾಣಿ ಪ್ರಸಾರ ಮಾಡಿದ ‘ಮಾನವ ವಿಕಾಸ’ ಎಂಬ 144 ಕಂತುಗಳ ಸರಣಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಂದಿತ್ತು. ಅದು ವಿಜ್ಞಾನ ಪ್ರಸಾರಕ್ಕೆ ನಾಟಕದ ರೂಪವನ್ನು ಬಳಸಿತು.

ಕಲ್ಪನೆಯೂ ದಾವೆಯೂ

ಕನ್ನಡದ ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ಬರುತ್ತದೆ. ಪುರಾಣಕ್ಕೂ ಅಂತರಿಕ್ಷಕ್ಕೂ ಸೇತುವೆ ಕಟ್ಟಿದ್ದು ‘ಮನು’ ಎಂಬ ಹೆಸರಿನಲ್ಲಿ ಬರೆದ ಲೇಖಕರ ‘ಮಹಾಸಂಪರ್ಕ’. ಮಹಾಭಾರತದ ಘಟನೆಗಳನ್ನು ಅನ್ಯಗ್ರಹ ಜೀವಿಗಳ ಸಂಪರ್ಕದ ಹಿನ್ನೆಲೆಯಲ್ಲಿ ಕಾಣುವ ಬೃಹತ್ ಕಾದಂಬರಿ ಇದು. ಇಂಥ ಕಲ್ಪನೆಗೆ ಮೂಲ ಕಥೆಗಳಲ್ಲೇ ಸಾಕಷ್ಟು ಎಡೆಯಿದೆ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ಎಂಬ ಅರಸ ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿದ್ದುದರಿಂದ ಕ್ಷಣಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೂ ಅವರ ಮೊಮ್ಮಕ್ಕಳೂ ಉಳಿದಿರುವುದಿಲ್ಲ. ಮರಳಿ ಬಂದ ರೇವತಿಯನ್ನು ಬಲರಾಮ ಮದುವೆಯಾಗುತ್ತಾನೆ. ಶ್ರವ್ಯನಾಟಕಕ್ಕೆ ಇದಕ್ಕಿಂತ ಒಪ್ಪುವ ಕಥೆ ಅಪರೂಪ. ಯುಗಗಳು ಕಳೆಯುವುದು ಒಂದು ಹಾಡಿನ ಅವಧಿಯಲ್ಲಿ, ಮತ್ತು ಹಾಡನ್ನು ಕೇಳಿಸುವುದೇ ಈ ಮಾಧ್ಯಮದ ಕೆಲಸ.

ಪುರಾಣದಲ್ಲಿ ವಿಜ್ಞಾನವನ್ನು ಕಲ್ಪಿಸುವುದು ಒಂದು, ಪುರಾಣವೇ ವಿಜ್ಞಾನವೆಂದು ದಾವೆ ಹೂಡುವುದು ಇನ್ನೊಂದು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಪ್ರಾಚೀನ ವಿಮಾನವಿದ್ಯೆಯ ಗ್ರಂಥವೆಂದು ಹಲವರು ನಂಬಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎಸ್. ಮುಕುಂದ ಮತ್ತು ಸಹೋದ್ಯೋಗಿಗಳು 1974ರಲ್ಲಿ ಅದನ್ನು ಪರೀಕ್ಷಿಸಿ, ಗ್ರಂಥ ಇತ್ತೀಚಿನದೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಆದರೂ 2015ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಕುರಿತ ಪ್ರಬಂಧ ಮಂಡನೆಯಾಗಿ ವಿವಾದವೆದ್ದಿತು. ಮಂಗಳ ಗ್ರಹದವರು ಬಂದಿದ್ದಾರೆಂದು ಆರ್ಸನ್ ವೆಲ್ಸ್ ಕೇಳಿಸಿದ್ದು ನಾಟಕ. ಅದನ್ನು ವಿದ್ವತ್ಸಭೆಯಲ್ಲಿ ಹೇಳಿದ್ದರೆ ಅಪಚಾರವಾಗುತ್ತಿತ್ತು. ಪುಷ್ಪಕ ವಿಮಾನ ನಾಟಕದಲ್ಲಿ ಎಷ್ಟು ಎತ್ತರಕ್ಕಾದರೂ ಹಾರಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆದು, ಕಲ್ಪನೆ ಮತ್ತು ಪ್ರಮಾಣಗಳ ಗಡಿಯನ್ನು ಸ್ಪಷ್ಟವಾಗಿಟ್ಟುಕೊಂಡೇ ಎರಡನ್ನೂ ಪ್ರೀತಿಸಬಹುದೆಂದು ತೋರಿಸಿಕೊಟ್ಟರು.

ಮುಂಬಯಿ ಮತ್ತು ನವಿ ಮುಂಬಯಿ

ಹೋಟೆಲು, ಬ್ಯಾಂಕು, ಗಿರಣಿ, ಕಾರ್ಖಾನೆಗಳ ಕೆಲಸಕ್ಕೆ ಮುಂಬಯಿಗೆ ಬಂದ ಕರಾವಳಿಯವರು ಯಕ್ಷಗಾನವನ್ನೂ ತಾಳಮದ್ದಳೆಯನ್ನೂ ಜೊತೆಗೆ ತಂದರು. ವೇಷ, ಕಿರೀಟ, ರಂಗಸ್ಥಳಗಳಿಲ್ಲದೆ ನಡೆಯುವುದರಿಂದ ತಾಳಮದ್ದಳೆ ವಲಸಿಗರ ಅನುಕೂಲಕ್ಕೆ ಒಗ್ಗಿತು. ಹೋಟೆಲು ಮುಚ್ಚಿದ ಮೇಲೆ, ಭಜನಾ ಮಂದಿರದಲ್ಲಿ ಹತ್ತು ಚಾಪೆ ಹಾಸಿದರೂ ಕೂಟ ನಡೆಯುತ್ತಿತ್ತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಮುಂಬಯಿಯ ಕರ್ನಾಟಕ ಸಂಘ ಮುಂತಾದ ಸಂಸ್ಥೆಗಳು ಕನ್ನಡ ರಂಗಭೂಮಿಗೆ ಆಸರೆಯಾದವು. ಊರಿನಲ್ಲಿ ಯಕ್ಷಗಾನದ ಋತು ಮುಗಿಯುವ ದಿನವಾದ ಪತ್ತನಾಜೆಯ ನಂತರ ಮೇಳಗಳು ಗೆಜ್ಜೆ ಬಿಚ್ಚಿದಾಗ ಕಲಾವಿದರಿಗೆ ಬಿಡುವು. ಆ ಮಳೆಗಾಲದ ಬಿಡುವಿನಲ್ಲಿ ಹೆಸರಾಂತ ಅರ್ಥಧಾರಿಗಳನ್ನೂ ಭಾಗವತರನ್ನೂ ಮುಂಬಯಿಗೆ ಕರೆಸಿ ಸರಣಿ ತಾಳಮದ್ದಳೆಗಳನ್ನು ನಡೆಸುವ ಪದ್ಧತಿ ಬೆಳೆದಿದೆ. ಅಜೆಕಾರು ಕಲಾಭಿಮಾನಿ ಬಳಗ ಈ ಕೆಲಸದಲ್ಲಿ ಮುಂಚೂಣಿಯಲ್ಲಿರುವ ಸಂಸ್ಥೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಬೆಳೆದಂತೆ ವಾಶಿ, ನೆರೂಲ್, ಬೇಲಾಪುರ, ಖಾರಘರ, ಪನ್ವೇಲ್‌ಗಳಲ್ಲೂ ಕನ್ನಡ, ತುಳು ಕುಟುಂಬಗಳು ನೆಲೆಸಿದವು. ಖಾರಘರದ ಬೆಟ್ಟದ ಬುಡದಲ್ಲಿರುವ ಪಾಂಡವಕಡಾ ಜಲಪಾತ ಸುಮಾರು 107 ಮೀಟರ್ ಎತ್ತರದ್ದು. ವನವಾಸದಲ್ಲಿದ್ದ ಪಾಂಡವರು ಇಲ್ಲಿ ಮಿಂದರೆಂಬ ಐತಿಹ್ಯದಿಂದ ಅದಕ್ಕೆ ಆ ಹೆಸರು. ಕಾರ್ನ್‌ವಾಲಿನ ಟಿಂಟಾಜೆಲ್ ಬಂಡೆಯನ್ನು ಆರ್ಥರ್ ಹುಟ್ಟಿದ ಜಾಗವೆಂದು ತೋರಿಸುವಂತೆಯೇ, ಇಲ್ಲಿಯೂ ಮಹಾಕಾವ್ಯ ಊರಿನ ಭೂಗೋಳದೊಳಗೆ ಇಳಿದಿದೆ. ಗಾಜಿನ ಕಟ್ಟಡಗಳೂ 2023ರಲ್ಲಿ ಓಡತೊಡಗಿದ ಮೆಟ್ರೋ ರೈಲೂ ಪಾಂಡವರ ಹೆಸರಿನ ಜಲಪಾತವೂ ಇರುವ ಊರು ಇಂಥ ನಾಟಕಕ್ಕೆ ಸಿದ್ಧವಾದ ಸ್ಥಳವಾಗಬಲ್ಲದು.

ಈಚಿನ ಸ್ಥಿತಿ

1980, 90ರ ದಶಕಗಳಲ್ಲಿ ತಾಳಮದ್ದಳೆಯ ಧ್ವನಿಸುರುಳಿಗಳು ಮುಂಬಯಿಯ ಕನ್ನಡ, ತುಳು ಮನೆಗಳಲ್ಲಿ ವ್ಯಾಪಕವಾಗಿ ಹರಡಿದವು. ಶೇಣಿ, ಸಾಮಗರ ವಾಗ್ವಾದವನ್ನು ಸಭೆಯಲ್ಲಿ ಒಮ್ಮೆಯೂ ನೋಡದವರು ಕ್ಯಾಸೆಟ್ಟಿನಿಂದಲೇ ಬಾಯಿಪಾಠ ಮಾಡಿಕೊಂಡದ್ದುಂಟು. ಈಗ ಅವೇ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಹಿಂದಿಯಲ್ಲಿ 2022ರಲ್ಲಿ ಸ್ಪಾಟಿಫೈ ತಂದ ‘ಬ್ಯಾಟ್‌ಮ್ಯಾನ್ ಏಕ್ ಚಕ್ರವ್ಯೂಹ್’ ಅಮೆರಿಕದ ಶ್ರವ್ಯಸರಣಿಯೊಂದರ ರೂಪಾಂತರ. ಭಾರತದ ಕೇಳುಗರಿಗೆ ಅದನ್ನು ಒಪ್ಪಿಸಲು ಶೀರ್ಷಿಕೆಗೆ ಮಹಾಭಾರತದ ಚಕ್ರವ್ಯೂಹವೇ ಬೇಕಾಯಿತು. ಕನ್ನಡದಲ್ಲಿ ಮೈಲ್ಯಾಂಗ್, ಸ್ಟೋರಿಟೆಲ್ ಮೊದಲಾದ ವೇದಿಕೆಗಳು ಕೇಳುಪುಸ್ತಕಗಳನ್ನು ತಂದಿವೆ. ಕೇಳುಪುಸ್ತಕದಲ್ಲಿ ಓದುವ ದನಿ ಮುಖ್ಯ, ನಾಟಕದ ಘರ್ಷಣೆ ಅದರಲ್ಲಿ ಕಡಿಮೆ. ಪುರಾಣಲೋಕದ ವೈಜ್ಞಾನಿಕ ಶ್ರವ್ಯನಾಟಕ ಕನ್ನಡದಲ್ಲಿ ಪ್ರತ್ಯೇಕ ಪ್ರಕಾರವಾಗಿ ಇನ್ನೂ ಬೇರೂರಿಲ್ಲ. ವಾದಮಾಡಬಲ್ಲ ದನಿಗಳು ತಾಳಮದ್ದಳೆಯಲ್ಲಿವೆ, ಧ್ವನಿನಾಟಕದ ತಂತ್ರ ಬಲ್ಲವರು ಆಕಾಶವಾಣಿಯಲ್ಲಿದ್ದಾರೆ, ಕಥಾವಸ್ತು ಭಾಗವತದಿಂದ ‘ಮಹಾಸಂಪರ್ಕ’ದವರೆಗೆ ಹರಡಿಕೊಂಡಿದೆ. ಬೇಕಾದದ್ದು ಈ ಮೂರನ್ನೂ ಒಂದೇ ಸ್ಟುಡಿಯೋದಲ್ಲಿ ಕೂಡಿಸುವ ಬರಹಗಾರ.

ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಕ್ಯಾಸೆಟ್ಟಿನ ಕಾಂತಪಟ್ಟಿ ದಶಕಗಳು ಕಳೆದಂತೆ ಸವೆಯುತ್ತದೆ, ಪದರ ಉದುರುತ್ತದೆ, ಮುಂಬಯಿಯ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಖಾಸಗಿಯಾಗಿ ಮುದ್ರಿಸಿಕೊಂಡ ಕೂಟಗಳ ಮಾತಿಗೆ ಬೇರೆ ಪ್ರತಿಯಿಲ್ಲ, ಏಕೆಂದರೆ ಆ ಅರ್ಥವನ್ನು ಯಾರೂ ಬರೆದಿಟ್ಟಿಲ್ಲ. ಅಂಥ ಸುರುಳಿಗಳು ಇರುವ ಮನೆಯವರು ಅವನ್ನು ಆದಷ್ಟು ಬೇಗ ಡಿಜಿಟಲ್ ರೂಪಕ್ಕೆ ತಂದು, ಪ್ರಸಂಗ, ಪಾತ್ರಧಾರಿಗಳು, ಸ್ಥಳ, ದಿನಾಂಕಗಳ ವಿವರದೊಂದಿಗೆ ಹತ್ತಿರದ ಕನ್ನಡ ಸಂಘಕ್ಕೋ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಒಂದು ಪ್ರತಿ ಕೊಡಬೇಕು.